ಸೂಜಿಗಲ್ಲು ಕಚ್ಚಿದ್ದೆಲ್ಲ ಕಬ್ಬಿಣ

ಹತ್ತಿರ ಬನ್ರೋ. ಹಿಂದೆ ಕೂತು ಗುಸುಗುಸು ಅಂದ್ರೆ ಕಥೆ ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗ್ತೀನಿ, ನನಗೇನು!

ಏಳು ಗುಡ್ಡ ದಾಟಿದ ಮೇಲೆ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಥಳಕುರಾಯ ಅನ್ನೋ ರಾಜ ಆಳ್ತಿದ್ದ. ಆಳ್ತಿದ್ದ ಅಂದ್ರೇನು, ಸಿಂಹಾಸನ ಗಾಳಿಗೆ ಹಾರಿ ಹೋಗದ ಹಾಗೆ ಅದರ ಮೇಲೆ ಕೂತಿರ್ತಿದ್ದ, ಅಷ್ಟೇ.

ಅವನಿಗೆ ಹೊಸ ಸಾಮಾನಿನ ಹುಚ್ಚು. ಬೆಳಿಗ್ಗೆ ತಂದ ಟಿವಿ ಸಂಜೆಗೆ ಹಳೇದು. ಹುಣ್ಣಿಮೆಗೆ ತಂದ ಕಂಪ್ಯೂಟರ್ ಅಮಾವಾಸ್ಯೆಗೆ ಗುಜರಿ. ರಾಜ ಎಸೆದದ್ದು ನೋಡಿ ಮಂತ್ರಿ ಎಸೆದ, ಮಂತ್ರಿ ಎಸೆದದ್ದು ನೋಡಿ ಊರೆಲ್ಲ ಎಸೀತು. ಊರಾಚೆ ಗುಜರಿಯದೇ ಒಂದು ಗುಡ್ಡ ಎದ್ದುಬಿಡ್ತು. ರಾಜರ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು ಅಂತ ಯಾರಾದ್ರೂ ಬಾಯಿ ತೆಗೆದ್ರೆ ನೋಡಿ ಮತ್ತೆ! ಕಥೆ ನಂದು, ಕಂಪ್ಯೂಟರೂ ನಂದೇ.

ಆ ಗುಡ್ಡದ ಬುಡದಲ್ಲಿ ಸಣ್ಣತಾಯಿ ಅನ್ನೋಳು ಹನ್ನೊಂದು ಜನ ಹೆಂಗಸರನ್ನ ಕಟ್ಟಿಕೊಂಡು ಗುಜರಿ ವಿಂಗಡಿಸ್ತಿದ್ದಳು. ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಸೂಜಿಗಲ್ಲು. ಹಳೇ ಸ್ಪೀಕರ್ ಒಡೆದ್ರೆ ಒಳಗೆ ಸಿಗುತ್ತಲ್ಲ, ಕಬ್ಬಿಣ ಕಂಡ್ರೆ ಟಪ್ ಅಂತ ಕಚ್ಚಿಕೊಳ್ಳುತ್ತಲ್ಲ, ಅದೇ. ಮೊದಲು ಸೂಜಿಗಲ್ಲು ಹಿಡೀತಿದ್ದಳು. ಆಮೇಲೆ ಚಾಕುವಿನಿಂದ ಕೆರೀತಿದ್ದಳು. ಕೊನೆಗೆ ಅಂಗೈಯಲ್ಲಿ ಎತ್ತಿ ತೂಕ ನೋಡ್ತಿದ್ದಳು. ಕೆಂಪಗೆ ಕಂಡ ತಂತಿಯೆಲ್ಲ ತಾಮ್ರ ಅಲ್ಲ. ಕೆರೆದರೆ ಒಳಗೆ ಬೆಳ್ಳಗೆ ಅಲ್ಯುಮಿನಿಯಂ ಹಲ್ಲು ಕಿರಿಯುತ್ತೆ. ಸಣ್ಣತಾಯಿ ಕೈಗೆ ಸಿಕ್ಕಿದ ಯಾವ ಸಾಮಾನೂ ಸುಳ್ಳು ಹೇಳಿ ದಕ್ಕಿಸಿಕೊಳ್ತಿರಲಿಲ್ಲ.

ಈಗ ಫಜೀತಿ ಕೇಳಿ. ಆ ಹೆಂಗಸರು ಕೂತು ಕೆಲಸ ಮಾಡ್ತಿದ್ದ ಜಾಗ, ಅವರ ಗುಡಿಸಲು ಇದ್ದ ಜಾಗ, ಎಲ್ಲಾ ರಾಜನದ್ದು. ರಾಜನಿಗೆ ಅಲ್ಲಿ ಆನೆಲಾಯ ಕಟ್ಟಿಸೋ ಆಸೆ ಬಂತು. ಡಂಗುರ ಸಾರಿಸಿದ. "ದೀಪಾವಳಿ ಒಳಗೆ ಬೆಲೆ ಕೊಟ್ಟು ಕೊಂಡ್ರೆ ಜಾಗ ನಿಮ್ಮದು. ಇಲ್ದಿದ್ರೆ ಆನೆಗಳದು!"

ಹನ್ನೊಂದು ಹೆಂಗಸರೂ ಗೊಳೋ ಅಂದ್ರು. ಸಣ್ಣತಾಯಿ ಅಳಲಿಲ್ಲ. ಮೂರು ವರ್ಷದಿಂದ ಕೂಡಿಟ್ಟಿದ್ದ ಮೂರು ಮೂಟೆ ಹೊರಗೆ ಎಳೆದಳು. ಒಂದರಲ್ಲಿ ತಾಮ್ರದ ಸುರುಳಿ. ಒಂದರಲ್ಲಿ ಮೊಬೈಲಿನ ಬೋರ್ಡು. ಇನ್ನೊಂದರಲ್ಲಿ ಕಂಪ್ಯೂಟರಿನೊಳಗಿನ ಸಣ್ಣ ಸಣ್ಣ ಕಾರ್ಡು, ಒಂದು ಅಂಚಿಗೆ ಸಾಲಾಗಿ ಚಿನ್ನದ ಲೇಪದ ಹಲ್ಲು ಇರ್ತಾವಲ್ಲ, ಅವು.

"ಮೂರೂ ಮಾರಿದ್ರೆ ಜಾಗ ನಮ್ದೇ ಕಣ್ರೇ. ಮೂಗು ಒರೆಸ್ಕೊಳ್ಳಿ" ಅಂದಳು.

ಆದ್ರೆ ಆ ರಾಜ್ಯದಲ್ಲಿ ಲೋಹ ಅನ್ನೋದನ್ನ ರಾಜನ ಉಗ್ರಾಣಕ್ಕೇ ಮಾರಬೇಕು. ಉಗ್ರಾಣಿ ಸೂರಪ್ಪ, ಅಯ್ಯೋ, ಅಂಥ ಖದೀಮ ಇನ್ನೊಬ್ಬ ಹುಟ್ಟಿಲ್ಲ ಬಿಡಿ. ಉಗ್ರಾಣದ ಬಾಗಿಲ ಮೇಲೆ ಅವನು ಒಂದು ಕಾನೂನು ಕೆತ್ತಿಸಿದ್ದ: ಸೂಜಿಗಲ್ಲು ಕಚ್ಚಿದ್ದೆಲ್ಲ ಕಬ್ಬಿಣ. ರಾಜ ಬೋಂಡಾ ತಿನ್ನುತ್ತಾ ಅದಕ್ಕೆ ಮುದ್ರೆ ಒತ್ತಿದ್ದ. ಓದಿದ್ನಾ ಅಂತ ಕೇಳಬೇಡಿ. ಬೋಂಡಾ ಬಿಸಿ ಇತ್ತು.

ಮೊದಲನೇ ದಿನ ಸಣ್ಣತಾಯಿ ತಾಮ್ರದ ಮೂಟೆ ಹೊತ್ತು ಹೋದಳು. ಸುರುಳಿ ನಡುವೆ ಕಬ್ಬಿಣದ ತಗಡು ಇರುತ್ತೆ, ಅದು ಹುಟ್ಟಿದ್ದೇ ಹಾಗೆ. ಸೂರಪ್ಪ ಸೂಜಿಗಲ್ಲು ಹಿಡಿದ. ಟಪ್!

"ಕಬ್ಬಿಣ" ಅಂದ. ಕಬ್ಬಿಣದ ರೇಟು ಕೊಟ್ಟ.

"ಸ್ವಾಮಿ, ತಗಡು ತೆಗೆದು ತೂಗಿ. ಮಿಕ್ಕಿದ್ದು ತಾಮ್ರ. ಇಲ್ಲ ಅಂದ್ರೆ ನನ್ನ ಮೂಟೆ ನನಗೆ ಕೊಡಿ."

"ತೂಗಿದ್ದನ್ನ ವಾಪಸ್ ಕೊಡೋ ಪದ್ಧತಿ ಇಲ್ಲಮ್ಮಾ. ನಡಿ ನಡಿ."

ಎರಡನೇ ದಿನ ಸಣ್ಣತಾಯಿ ಮೊಬೈಲ್ ಬೋರ್ಡು ತಂದಳು. ರಾತ್ರಿಯೆಲ್ಲ ಎಲ್ಲರೂ ಕೂತು ಸ್ಕ್ರೂ ಬಿಚ್ಚಿದ್ರು, ತಗಡು ಕಿತ್ತಿದ್ರು. ಸೂರಪ್ಪ ಇಡೀ ಮೂಟೆ ನೆಲಕ್ಕೆ ಸುರಿದ. ಹೇನು ಹುಡುಕೋ ಹಾಗೆ ಹುಡುಕಿದ. ಬೆಳಗಿಂದ ಹುಡುಕಿ ಮಧ್ಯಾಹ್ನ ಒಂದೇ ಒಂದು ಸ್ಕ್ರೂ ಹಿಡಿದ, ಸಾಸಿವೆ ಕಾಳಿನಷ್ಟು. ಟಪ್!

"ಕಬ್ಬಿಣ" ಅಂದ. "ಎಲ್ಲಾ ಕಬ್ಬಿಣ."

ಮೂರನೇ ದಿನ ಸಣ್ಣತಾಯಿ ಚಿನ್ನದ ಹಲ್ಲಿನ ಕಾರ್ಡು ತಂದಳು. ಒಂದೊಂದನ್ನೂ ಮೂರು ಸಲ ನೋಡಿದ್ದಳು. ಮೂಟೆಯಲ್ಲಿ ಕಬ್ಬಿಣದ ಚೂರು ಇರಲಿಲ್ಲ. ಸೂರಪ್ಪ ಹುಡುಕಿದ, ಸಿಗಲಿಲ್ಲ. ಬೆವರಿದ. "ಅಲ್ನೋಡು, ನಿನ್ನ ಹಿಂದೆ ಗೂಳಿ ಬಂತು!" ಅಂದ. ಸಣ್ಣತಾಯಿ ತಿರುಗಿದಳು. ಗೂಳಿಯೂ ಇಲ್ಲ, ಗೂಳಿಯ ಬಾಲವೂ ಇಲ್ಲ. ಈ ಕಡೆ ತಿರುಗೋದರೊಳಗೆ ಮೂಟೆಯೊಳಗೆ ಒಂದು ಮೊಳೆ. ಟಪ್!

"ಕಬ್ಬಿಣ" ಅಂದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಭಂಡನದ್ದು.

ಮುಂಬಾಗಿಲಲ್ಲಿ ಕಬ್ಬಿಣ ಅಂತ ಕೊಂಡಿದ್ದನ್ನ ಹಿಂಬಾಗಿಲಲ್ಲಿ ಅವನ ಭಾವಮೈದ ತಾಮ್ರ ಅಂತ, ಚಿನ್ನ ಅಂತ ಮಾರ್ತಿದ್ದ. ಇದು ಊರಿಗೆಲ್ಲ ಗೊತ್ತಿತ್ತು, ರಾಜನೊಬ್ಬನಿಗೆ ಬಿಟ್ಟು.

ದೀಪಾವಳಿಗೆ ನಾಲ್ಕೇ ದಿನ. ಮಾವುತರು ಬಂದು ಗುಡಿಸಲ ಮುಂದೆ ಆನೆ ಕಟ್ಟೋ ಗೂಟ ನೆಟ್ಟು ಹೋದ್ರು. ಹನ್ನೊಂದು ಹೆಂಗಸರು ಪಾತ್ರೆಪಗಡ ಗಂಟು ಕಟ್ಟಿದ್ರು. ಅವತ್ತು ಸಣ್ಣತಾಯಿಗೂ ಅಳು ಬಂತು. ಅತ್ತಳು, ಚೆನ್ನಾಗಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳ್ಕೊಂಡು ಸೀದಾ ಆಸ್ಥಾನಕ್ಕೆ ನಡೆದಳು.

ಆಸ್ಥಾನದಲ್ಲಿ ಥಳಕುರಾಯ ಕಿರೀಟ ತೆಗೆದು ತೊಡೆ ಮೇಲಿಟ್ಟು ತಲೆ ಕೆರ್ಕೋತಿದ್ದ. ಹಣೆಗೆ ಅಡ್ಡಲಾಗಿ ಒಂದು ಕಂದು ಗೆರೆ. ಆಸ್ಥಾನದವರು ಅದೇನೋ ರಾಜತಿಲಕ ಅಂದುಕೊಂಡು ತಾವೂ ಮಡಕೆ ಚೂರು ತೇಯ್ದು ಹಚ್ಕೊಂಡು ಬರ್ತಿದ್ರು. ಸಣ್ಣತಾಯಿ ಒಂದೇ ಸಲ ನೋಡಿದಳು. ತಿಲಕ ಅಲ್ಲ, ತುಕ್ಕು! ಚಿನ್ನಕ್ಕೆ ತುಕ್ಕು ಹಿಡಿಯಲ್ಲ. ಅಂದ್ರೆ ಕಿರೀಟದ ಒಳಗೆ ಕಬ್ಬಿಣ ಇದೆ.

"ಬುದ್ಧೀ, ಒಂದು ಅನುಮಾನ" ಅಂತ ಕೈಮುಗಿದಳು. "ಸೂಜಿಗಲ್ಲು ಕಚ್ಚಿದ್ದೆಲ್ಲ ಕಬ್ಬಿಣ, ಇದು ತಮ್ಮ ಕಾನೂನೇ ತಾನೇ?"

ರಾಜ ಸೂರಪ್ಪನ ಮುಖ ನೋಡಿದ. ಸೂರಪ್ಪ ಎದೆ ಉಬ್ಬಿಸಿ ಮುಂದೆ ಬಂದ. "ಪ್ರಭುಗಳದ್ದೇ ಕಾನೂನು! ಸೂಜಿಗಲ್ಲು ಕಚ್ಚಿದ್ದೆಲ್ಲ ಕಬ್ಬಿಣ!"

"ಪೂರ್ತಿ ಕಬ್ಬಿಣವಾ ಸ್ವಾಮಿ?"

"ಪೂರ್ತಿ ಕಬ್ಬಿಣ!"

"ಯಾರದ್ದಾದರೂ?"

"ಯಾರದ್ದಾದರೂ!"

ಸಣ್ಣತಾಯಿ ಸೆರಗಿನ ತುದಿ ಎತ್ತಿ ಕಿರೀಟಕ್ಕೆ ಮುಟ್ಟಿಸಿದಳು. ಟಪ್! ಸೆರಗು ಎಳೆದಳು. ಸೆರಗಿನ ಹಿಂದೆ ಸೂಜಿಗಲ್ಲು, ಸೂಜಿಗಲ್ಲಿನ ಹಿಂದೆ ಕಿರೀಟ ರಾಜನ ತೊಡೆಯಿಂದ ಜಾರಿಕೊಂಡು ಬಂತು.

ರಾಜ ಎದ್ದು ನಿಂತ. "ಸೂರಪ್ಪಾ! ನಮ್ಮ ತಾತನ ಕಿರೀಟ ಕಬ್ಬಿಣದ್ದಾ?"

ಸೂರಪ್ಪ ಸಿಕ್ಕಿಬಿದ್ದ. ಹೌದು ಅಂದ್ರೆ ತಲೆ ಹೋಗುತ್ತೆ. ಇಲ್ಲ ಅಂದ್ರೆ ಕಾನೂನು ಹೋಗುತ್ತೆ. ತಲೆ ಯಾರಿಗೆ ಬೇಡ ಹೇಳಿ? "ಇಲ್ಲ ಪ್ರಭೂ! ಅಪ್ಪಟ ಚಿನ್ನ! ತಾತನವರ ತಲೆ ದಪ್ಪ, ತಮ್ಮದು... ಸ್ವಲ್ಪ ನಾಜೂಕು. ಜಾರಬಾರದು ಅಂತ ಅಕ್ಕಸಾಲಿಗ ಒಳಗೆ ಒಂದು ಕಬ್ಬಿಣದ ಪಟ್ಟಿ ಕೂರಿಸಿದ್ದಾನೆ. ಅದೊಂದು ತೆಗೆದು ತೂಗಿದ್ರೆ ಮಿಕ್ಕಿದ್ದೆಲ್ಲ ಚಿನ್ನ!"

"ಅಷ್ಟೇ ಸ್ವಾಮಿ" ಅಂದಳು ಸಣ್ಣತಾಯಿ. "ನನ್ನ ತಗಡು ತೆಗೆದು ತೂಗಿ. ನನ್ನ ಸ್ಕ್ರೂ ತೆಗೆದು ತೂಗಿ. ನೀವು ಹಾಕಿದ ಮೊಳೆ ತೆಗೆದು ತೂಗಿ."

ರಾಜ ಪೆದ್ದನೇ. ಆದ್ರೆ ಅಷ್ಟೊಂದು ಪೆದ್ದನಲ್ಲ. ಮೂರು ಸಲ ತಲೆ ಕೆರೆದುಕೊಂಡ, ನಾಲ್ಕನೇ ಸಲಕ್ಕೆ ಅರ್ಥ ಆಯ್ತು. "ಏನಮ್ಮಾ, ಇಷ್ಟೆಲ್ಲ ವಿಂಗಡಿಸೋಳು ನೀನು. ಈ ಸೂರಪ್ಪನಿಗೆ ಏನು ಬೆಲೆ ಸಿಗುತ್ತೆ ನೋಡಿ ಹೇಳು" ಅಂದ.

ಸಣ್ಣತಾಯಿ ಮೊದಲು ಸೂಜಿಗಲ್ಲು ಹಿಡಿದಳು. ಪೇಟಕ್ಕೆ ಹಿಡಿದಳು, ಏನೂ ಇಲ್ಲ. ಎದೆಗೆ ಹಿಡಿದಳು, ಏನೂ ಇಲ್ಲ. ಸೊಂಟಕ್ಕೆ ಹಿಡಿದಳು, ಟಪ್! ಉಗ್ರಾಣದ ಬೀಗದ ಕೈ ಗೊಂಚಲು. ಬಿಚ್ಚಿ ಪಕ್ಕಕ್ಕಿಟ್ಟಳು.

ಆಮೇಲೆ ಚಾಕು ತೆಗೆದಳು. ಕೆರೆಯೋ ತಾಪತ್ರಯವೇ ಬೀಳಲಿಲ್ಲ. ಚಾಕು ಕಂಡ ಕೂಡಲೇ ಸೂರಪ್ಪ ಮೊಳೆ, ಗೂಳಿ, ಹಿಂಬಾಗಿಲು, ಭಾವಮೈದ, ಎಲ್ಲಾ ಒದರಿಬಿಟ್ಟ.

ಕೊನೆಗೆ ಅವನ ಕೈಯನ್ನ ತನ್ನ ಅಂಗೈಯಲ್ಲಿ ಎತ್ತಿ ತೂಕ ನೋಡಿದಳು. ದುಡಿದು ಎದ್ದ ದಡ್ಡು ಒಂದೂ ಇಲ್ಲ, ಒಂದು ಗಾಯ ಇಲ್ಲ. ಕೈಬಿಟ್ಟಳು.

"ಬುದ್ಧೀ, ಬೀಗದ ಕೈಗಳಿಗೆ ಕಬ್ಬಿಣದ ರೇಟು ಸಿಗುತ್ತೆ. ಮಿಕ್ಕಿದ್ದನ್ನ ನಮ್ಮ ಗುಜರಿಯಲ್ಲಿ ಯಾರೂ ತಗೊಳ್ಳಲ್ಲ."

ರಾಜ ಬೀಗದ ಕೈ ಇಟ್ಕೊಂಡ, ಮಿಕ್ಕಿದ್ದನ್ನ ಆಚೆಗೆ ಹಾಕಿಸಿದ. ಮೂರು ಮೂಟೆಯೂ ಹೊಸದಾಗಿ ತೂಕಕ್ಕೆ ಬಂದ್ವು. ಮಾರಿಹೋಗಿದ್ದರ ಬೆಲೆಯನ್ನ ಭಾವಮೈದನ ಕೈಲೇ ಕಕ್ಕಿಸಿದ್ರು. ತಾಮ್ರಕ್ಕೆ ತಾಮ್ರದ ರೇಟು, ಚಿನ್ನಕ್ಕೆ ಚಿನ್ನದ ರೇಟು. ದೀಪಾವಳಿ ಹಿಂದಿನ ದಿನ ಜಾಗ ಹನ್ನೆರಡು ಹೆಂಗಸರ ಹೆಸರಿಗೆ ಆಯ್ತು. ನೆಟ್ಟಿದ್ದ ಗೂಟ ಕಿತ್ತು ಒಲೆಗೆ ಹಾಕಿ ಒಬ್ಬಟ್ಟು ಬೇಯಿಸಿದ್ರು. ಆನೆಲಾಯ? ಅದನ್ನ ಸೂರಪ್ಪನ ಮನೆ ಅಂಗಳದಲ್ಲಿ ಕಟ್ಟಿದ್ರು. ಜಾಗ ವಿಶಾಲವಾಗಿತ್ತು, ಬೆಳಿಗ್ಗೆ ಲದ್ದಿ ಬಾಚೋಕೆ ಆಳೂ ಮನೆಯಲ್ಲೇ ಇದ್ದ.

ಕೇಳಿದ್ರಲ್ಲ? ಒಂದು ಮೊಳೆ ಕಂಡಿತು ಅಂತ ಇಡೀ ಮೂಟೆಯನ್ನ ಕಬ್ಬಿಣ ಅನ್ನಬೇಡಿ, ಅದು ಸಾಮಾನೇ ಆಗಲಿ, ಮನುಷ್ಯರೇ ಆಗಲಿ. ಇನ್ನೊಬ್ಬರ ದುಡಿಮೆಗೆ ಕಳ್ಳ ಅಳತೆ ಇಟ್ಟವನನ್ನ ಒಂದು ದಿನ ಅದೇ ಅಳತೆಯಲ್ಲಿ ಅಳೀತಾರೆ. ನೀತಿ ಇಷ್ಟೇ. ಕಥೆಯೂ ಇಷ್ಟೇ. ಏಳಿ, ನನ್ನ ಕಾಲು ಜೋಮು ಹಿಡೀತು.