ಹೆಸರು ಕದ್ದ ಮೊಮ್ಮಗ

"ನವಿಲುದುರ್ಗ ಅಂದರೆ ಭೂಮಂಡಲಕ್ಕೆಲ್ಲ ಒಂದೇ. ಅದು ನನ್ನದು" ಎಂದು ರುದ್ರಪಾಲ ಮಹಾರಾಜ ತುಂಬಿದ ಸಭೆಯಲ್ಲಿ ತೊಡೆ ತಟ್ಟಿ ಹೇಳಿದ.

ಹೇಳಿದ್ದೇನೋ ಸರಿ. ಆದರೆ ಅವನ ಉಪ್ಪರಿಗೆಯಲ್ಲಿ ನಿಂತು ಕೆಂಪೊಳೆಯ ಆಚೆ ದಡ ನೋಡಿದರೆ ಇನ್ನೊಂದು ನವಿಲುದುರ್ಗ ಕಾಣುತ್ತಿತ್ತು. ಅದರ ರಾಜ ಮಲ್ಲಿದೇವ. ಅವನೂ ತನ್ನ ಸಭೆಯಲ್ಲಿ ಇದೇ ಮಾತು ಹೇಳಿ ತೊಡೆ ತಟ್ಟುತ್ತಿದ್ದನಂತೆ.

ಎರಡೂ ಕಡೆಯ ರಾಯಭಾರಿಗಳು ಹೋದರು, ಬಂದರು, ಹೋಳಿಗೆ ಉಂಡು ಹೊಟ್ಟೆ ಬೆಳೆಸಿಕೊಂಡರು. ಕೆಲಸ ಮಾತ್ರ ಆಗಲಿಲ್ಲ.

"ಅವರು 'ಆಚೆದಡದ ನವಿಲುದುರ್ಗ' ಎಂದು ಇಟ್ಟುಕೊಳ್ಳಲಿ" ಎಂದು ರುದ್ರಪಾಲ ಹೇಳಿ ಕಳಿಸಿದ.

"ನಮಗೆ ಅವರೇ ಆಚೆದಡ. ಅವರೇ ಇಟ್ಟುಕೊಳ್ಳಲಿ" ಎಂದು ಉತ್ತರ ಬಂತು.

"ಹೋಗಲಿ, 'ಹೊಸ ನವಿಲುದುರ್ಗ' ಅನ್ನಲಿ."

"ಅನ್ನೋಣ. ಅವರು 'ಹಳೆಯ ನವಿಲುದುರ್ಗ' ಅನ್ನೋದಾದರೆ."

ಹಳೆಯ ಎಂಬ ಮಾತು ಕೇಳಿದ್ದೇ ತಡ, ರುದ್ರಪಾಲನಿಗೆ ತನ್ನ ನರೆತ ಮೀಸೆ ನೆನಪಾಗಿ ಸಿಟ್ಟು ನೆತ್ತಿಗೇರಿತು. ಹರಿಗೋಲುಗಳನ್ನೆಲ್ಲ ದಡಕ್ಕೆ ಎಳೆಸಿ ಬೋರಲು ಹಾಕಿಸಿದ. ಹೊಳೆ ದಾಟುವುದೇ ನಿಂತಿತು.

ಇದರಿಂದ ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಆಸ್ಥಾನದ ಜಾಣ ಕೇತಪ್ಪ. ಅವನ ಮಗಳು ಸಾತವ್ವನನ್ನು ಆಚೆ ದಡಕ್ಕೆ ಕೊಟ್ಟಿತ್ತು. ಚೊಚ್ಚಲ ಬಸುರಿ, ದಿನ ತುಂಬುತ್ತಾ ಬಂದಿತ್ತು. ಹೆರಿಗೆಗೆ ತವರಿಗೆ ಬರಬೇಕಾದವಳು ಆಚೆ ದಡದಲ್ಲೇ ಉಳಿದಿದ್ದಳು.

ಕೇತಪ್ಪನ ಹೆಂಡತಿ ಪಾತ್ರೆ ಕುಕ್ಕಿದಳು. "ಊರಿಗೆಲ್ಲಾ ಬುದ್ಧಿ ಹೇಳ್ತೀರಿ. ಮಗಳನ್ನ ಒಂದು ಹೊಳೆ ದಾಟಿಸೋ ಬುದ್ಧಿ ಇಲ್ಲ."

ಕೇತಪ್ಪ ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದ. ಅಷ್ಟರಲ್ಲಿ ಅರಮನೆಯಿಂದ ಕರೆ ಬಂತು.

"ಕೇತಪ್ಪ, ಹೋಗಿ ಆ ಮಲ್ಲಿದೇವನಿಂದ ಹೆಸರು ಬಿಡಿಸಿಕೊಂಡು ಬಾ. ಬರಿಗೈಲಿ ಬಂದೆಯೋ, ದಂಡು ಹೊರಡುತ್ತದೆ" ಎಂದ ರಾಜ.

"ಹೋಗುತ್ತೇನೆ ಪ್ರಭು. ಆದರೆ ಕಾನೂನೇ ಇಲ್ಲದೆ ಅವನನ್ನು ಕಳ್ಳ ಅನ್ನೋದು ಹೇಗೆ? ಇನ್ನೊಬ್ಬರ ಹೆಸರು ಇಟ್ಟುಕೊಂಡವರನ್ನು ಹಿಡಿದು ತರಬೇಕು ಅಂತ ಮೊದಲು ಡಂಗುರ ಹೊಡೆಸಿ."

ರಾಜನಿಗೆ ಮಾತು ಹಿಡಿಸಿತು. ಅಂದೇ ಡಂಗುರ ಆಯಿತು. ಮರುದಿನ ಸಭೆ ಸೇರುವ ಹೊತ್ತಿಗೆ ಕೇತಪ್ಪ ಮೊದಲ ಕಳ್ಳನನ್ನು ಹಿಡಿದು ತಂದೇಬಿಟ್ಟ. ಕೈಗೆ ಮಲ್ಲಿಗೆ ಮಾಲೆಯ ಕೋಳ, ಬಾಯಲ್ಲಿ ಬೆಲ್ಲದ ಚೂರು. ಹಿಂದೆ ಗಾಬರಿಯಾಗಿ ಓಡಿ ಬಂದವಳು ಯುವರಾಣಿ, ರಾಜನ ಸೊಸೆ.

"ಇದೇನೋ ಕೇತಪ್ಪ? ಇವನು ನಮ್ಮ ಗುಂಡ, ನನ್ನ ಮೊಮ್ಮಗ."

"ಗುಂಡ ಅನ್ನೋದು ಕರೆಯೋ ಹೆಸರು ಪ್ರಭು. ತೊಟ್ಟಿಲಲ್ಲಿ ಇಟ್ಟ ಹೆಸರು ಯಾವುದು?"

"ರುದ್ರಪಾಲ. ನನ್ನದೇ."

"ಮಾಲು ಸಮೇತ ಸಿಕ್ಕಿದ ಹಾಗಾಯಿತು."

ರಾಜ ಗುಂಡನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. "ಮೊಮ್ಮಗ ತಾತನ ಹೆಸರು ಹೊತ್ತರೆ ಅದು ಕಳ್ಳತನವೇನೋ? ಇವನಿಗೆ ಆ ಹೆಸರಿಟ್ಟ ದಿನ ನಾನು ಅತ್ತುಬಿಟ್ಟಿದ್ದೆ."

"ಅಷ್ಟು ಚೆಂದದ ಹೆಸರಿನಿಂದ ಯುವರಾಣಿಯವರು ಯಾಕೆ ಕರೆಯೋದಿಲ್ಲ?"

"ಸೊಸೆ ಮಾವನ ಹೆಸರು ಹೇಳುತ್ತಾಳೆಯೇ? 'ಎಲೋ ರುದ್ರಪಾಲ, ಮೂಗು ಒರೆಸಿಕೋ' ಅಂತ ಅಂಗಳದಲ್ಲಿ ಕೂಗಿದರೆ ನನ್ನ ಗತಿ ಏನು? ಅದಕ್ಕೇ ಗುಂಡ."

ಸಭೆ ನಕ್ಕಿತು. ಯುವರಾಣಿ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಕೇತಪ್ಪ ಕೈ ಮುಗಿದ. "ಆಚೆ ದಡದವರ ಮುತ್ತಜ್ಜಂದಿರು ಇಲ್ಲಿಂದಲೇ ಹೋದವರು ಅಂತ ತಾವೇ ಹೇಳುತ್ತೀರಿ. ಅಂದಮೇಲೆ ಅವರು ಕದ್ದಿಲ್ಲ, ತಾತನ ಹೆಸರು ಹೊತ್ತಿದ್ದಾರೆ. ತೊಟ್ಟಿಲ ಹೆಸರು ಅವರಿಗೆ ಇರಲಿ. ನಾವು ಕರೆಯುವಾಗ ಮರಿದುರ್ಗ ಅನ್ನೋಣ."

ರಾಜ ಮೀಸೆ ತಿರುವಿದ. "ಅಂದರೆ ನಾನು ತಾತ."

"ಅದರಲ್ಲಿ ಅನುಮಾನವೇ?"

ಹಳೆಯವನಾಗಲು ಒಲ್ಲದ ರಾಜ ತಾತನಾಗಲು ತಕ್ಷಣ ಒಪ್ಪಿದ. ಡಂಗುರವನ್ನು ಹಿಂದಕ್ಕೆ ತೆಗೆದುಕೊಂಡ. ಒಂದು ಹರಿಗೋಲು ನೀರಿಗಿಳಿಯಿತು, ಕೇತಪ್ಪ ಆಚೆ ದಡಕ್ಕೆ ಹೋದ. ಸಂಜೆ ಹೊತ್ತಿಗೆ ಅದೇ ಹರಿಗೋಲು ಮರಳಿ ಬಂತು. ಮಲ್ಲಿದೇವ ಒಪ್ಪಿದ್ದ. ಹರಿಗೋಲಿನ ನಡುವೆ, ಅಪ್ಪನ ತೋಳು ಬಿಗಿಯಾಗಿ ಹಿಡಿದು ಸಾತವ್ವ ಕೂತಿದ್ದಳು. ದಡದಲ್ಲಿ ನಿಂತಿದ್ದ ತಾಯಿ ಮಗಳನ್ನು ಕಂಡವಳೇ ಅತ್ತಳು. ಕೇತಪ್ಪನೂ ಅತ್ತ, ಆಮೇಲೆ ಕಣ್ಣಿಗೆ ಹೊಳೆ ನೀರು ಸಿಡಿಯಿತು ಎಂದ.

ವಾರ ಕಳೆಯುವುದರೊಳಗೆ ರಾಜ ಮತ್ತೆ ಕರೆಸಿದ. ಗುಂಡ ತೊಡೆಯ ಮೇಲಿದ್ದ, ಆದರೆ ಈ ಸಲ ರಾಜನ ಮೀಸೆ ಸಿಟ್ಟಿಗೆ ಕುಣಿಯುತ್ತಿತ್ತು.

"ಕೇತಪ್ಪ, ಆಚೆ ದಡದವರು ನಮ್ಮನ್ನೂ ಮರಿದುರ್ಗ ಅನ್ನುತ್ತಾರಂತೆ. ಅಂಬಿಗರು ಹೇಳಿದರು. ಅಲ್ಲಿ ಹೋಗಿ ಏನು ಹೇಳಿ ಬಂದೆ?"

"ಇಲ್ಲಿ ಹೇಳಿದ್ದನ್ನೇ ಪ್ರಭು. ಈ ಕೋಟೆ ಕಟ್ಟಿದವರು ಆಚೆ ದಡದಿಂದ ಬಂದವರು ಅನ್ನೋದು ಅವರ ನಂಬಿಕೆ. ಹಾಗಾಗಿ ಅವರನ್ನು ತಾತ ಅಂದೆ."

ದಂಡನಾಯಕನ ಕೈ ಕತ್ತಿಯ ಹಿಡಿಗೆ ಹೋಯಿತು.

"ಹಾಗಾದರೆ ನಿಜವಾದ ತಾತ ಯಾರು? ಈಗಲೇ ಹೇಳು."

"ಮಲ್ಲಿದೇವರೂ ಇದನ್ನೇ ಕೇಳಿದರು."

"ಏನು ಹೇಳಿದೆ?"

"ಯಾರು ದೊಡ್ಡವರು ಅಂತ ಹಟ ಹಿಡಿಯೋನು ಮೊಮ್ಮಗ, ನಕ್ಕು ಸುಮ್ಮನಾಗೋನು ತಾತ ಅಂದೆ. ಅವರು ಕೂಡಲೇ ನಕ್ಕುಬಿಟ್ಟರು."

"ನಾನೇ..." ಎಂದು ರಾಜ ಶುರುಮಾಡಿದ. ನಾಲಿಗೆ ಕಚ್ಚಿಕೊಂಡ. ತೊಡೆಯ ಮೇಲಿದ್ದ ಗುಂಡ ಅವನ ಮೀಸೆ ಹಿಡಿದು ಎಳೆದ.

ರುದ್ರಪಾಲ ನಗತೊಡಗಿದ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಸಾತವ್ವನಿಗೆ ಹುಟ್ಟಲಿರುವ ಮಗುವಿಗೆ ಬೆಳ್ಳಿಯ ತೊಟ್ಟಿಲು ಮಾಡಿಸಲು ಅಪ್ಪಣೆ ಕೊಟ್ಟ. ಆಮೇಲೆ ಎದ್ದು ಹೊಳೆಯ ಕಡೆಯ ಕಿಟಕಿಗಳನ್ನೆಲ್ಲ ತೆರೆಸಿ, ಅಲ್ಲಿ ನಿಂತು, ಆಚೆ ದಡಕ್ಕೆ ಕೇಳುವ ಹಾಗೆ ಇನ್ನೊಮ್ಮೆ ನಕ್ಕ.