ಕೂರಲೊಲ್ಲದ ಹಂದಿ

ಒಂದು ಕಾಡಿನಲ್ಲಿ ಬೇಸಿಗೆ ಕಾಲಿಡುವ ಮುಂಚೆ ಪ್ರಾಣಿಗಳೆಲ್ಲ ಸೇರಿ ಒಂದು ಕೆಲಸ ಮಾಡುತ್ತಿದ್ದವು. ಹಳ್ಳದ ದಂಡೆಯಿಂದ ದೊಡ್ಡ ಬಂಡೆಯವರೆಗೆ ಒಣಗಿದ ಎಲೆ, ಹುಲ್ಲು, ಕಡ್ಡಿ ಎಲ್ಲ ಬಳಿದು ತೆಗೆದು ಬರಿ ಮಣ್ಣಿನ ಒಂದು ಅಗಲವಾದ ಪಟ್ಟಿ ಮಾಡುತ್ತಿದ್ದವು. ಅದಕ್ಕೆ ಬೆಂಕಿ ರೇಖೆ ಅಂತ ಹೆಸರು. ಗುಡ್ಡದ ಕಡೆಯಿಂದ ಕಾಡ್ಗಿಚ್ಚು ಬಂದರೂ ಆ ಪಟ್ಟಿಯ ಹತ್ತಿರ ಅದಕ್ಕೆ ತಿನ್ನಲು ಏನೂ ಸಿಗುತ್ತಿರಲಿಲ್ಲ. ಅಲ್ಲೇ ಆರಿಹೋಗುತ್ತಿತ್ತು.

ಅಯ್ಯೋ, ಆ ದಿನಗಳ ಸೊಗಸನ್ನು ಏನಂತ ಹೇಳಲಿ ಮಕ್ಕಳೇ! ಕಾಡುಕೋಳಿಗಳು ಕಾಲಿನಿಂದ ಎಲೆ ಕೆದರುತ್ತಿದ್ದವು. ಹಂದಿಗಳು ಮೂತಿಯಿಂದ ಬೇರು ಕೀಳುತ್ತಿದ್ದವು. ಕಡವೆಗಳು ಹುಲ್ಲು ಮೇಯುತ್ತಿದ್ದವು. ಅವಕ್ಕೆ ಕೆಲಸವೂ ಅದೇ, ಊಟವೂ ಅದೇ. ಕರಿಮೂತಿಯ ಕೋತಿ ಮುಸುವ ಎತ್ತರದ ಮರ ಹತ್ತಿ ಎಲ್ಲಾದರೂ ಹೊಗೆ ಕಾಣುತ್ತದಾ ಅಂತ ನೋಡುತ್ತಿದ್ದ. ಬಿಸಿಲೇರಿತೋ, ಬೆಳಗಿನ ಪಾಳಿಯವರು ತಾರೆ ಮರದ ನೆರಳಿಗೆ ಬಂದು ಕೂರಲೇಬೇಕು. ಬೋರೆಹಣ್ಣು ಹಂಚಿಕೊಂಡು ತಿನ್ನಬೇಕು, ಒಂದು ಪದ ಹಾಡಬೇಕು, ಯಾರದಾದರೂ ಕಾಲೆಳೆಯಬೇಕು. ಸಂಜೆಗೆ ಬೇರೆಯವರ ಪಾಳಿ. ಇದು ಕೆಲಸ ನಡೆಸುತ್ತಿದ್ದ ಕಡವೆಯಜ್ಜಿ ಹಾಕಿಕೊಟ್ಟ ಕಟ್ಟಳೆ. ಆ ನೆರಳಿನ ತಂಪು, ಆ ನಗು, ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ ಬಿಡಿ.

ಒಂದು ವರ್ಷ ಕಡವೆಯಜ್ಜಿಗೆ ಮಂಡಿ ನೋವು ಜಾಸ್ತಿಯಾಯಿತು. "ಇನ್ನು ನನ್ನ ಕೈಲಾಗಲ್ಲ. ಯಾರು ನಡೆಸ್ತೀರಾ?" ಅಂದಳು.

"ನಾನು!" ಅಂತ ಮುಂದೆ ಬಂದಳು ಪುಟ್ಟೀರಿ ಎಂಬ ಹಂದಿ.

ಯಾರೂ ಬೇಡ ಅನ್ನಲಿಲ್ಲ. ಹೇಗೆ ಅನ್ನುತ್ತಾರೆ? ಹಿಂದಿನ ಬೇಸಿಗೆಯಲ್ಲಿ ಪುಟ್ಟೀರಿ ರೇಖೆಯಾಚೆ, ಗುಡ್ಡದ ಮೇಲೆ ಹುಲ್ಲಿನ ಗೂಡು ಕಟ್ಟಿ ಮರಿ ಹಾಕಿದ್ದಳು. ಅವಳು ನೀರಿಗೆ ಹೋಗಿದ್ದಾಗ ಬೆಂಕಿ ಬಂತು. ಗೂಡೂ ಹೋಯಿತು, ಮರಿಗಳೂ ಹೋದವು. ಈ ವರ್ಷ ರೇಖೆಯೊಳಗೆ ಹೊಸ ಗೂಡು, ಹೊಸ ಮರಿಗಳು. ಅವಕ್ಕೆ ಇನ್ನೂ ಓಡಲು ಬಾರದು. ಬೆಂಕಿ ಅಂದರೆ ಪುಟ್ಟೀರಿಯ ಎದೆ ಹೊಡೆದುಕೊಳ್ಳುತ್ತಿತ್ತು.

ಪುಟ್ಟೀರಿ ಮೊದಲು ಚೆನ್ನಾಗಿಯೇ ನಡೆಸಿದಳು. ಆಮೇಲೆ ನರಿ ಬಂದ.

"ಪುಟ್ಟೀರಕ್ಕಾ, ನಿಮ್ಮಂಥವರನ್ನ ಈ ಕಾಡು ಕಂಡಿರಲಿಲ್ಲ ಕಣ್ರೀ" ಅಂತ ಬೆಣ್ಣೆ ಹಚ್ಚಿದ. "ಆದ್ರೂ ಒಂದ್ ಮಾತು. ಬೆಂಕಿ ಏನು ಮಧ್ಯಾಹ್ನ ಮಲಗುತ್ತಾ? ಇವರು ನೋಡಿ, ನೆರಳಲ್ಲಿ ಕೂತು ಹಾಡ್ತಿದಾರೆ. ಕಾಡಿನ ಮೇಲೆ ಪ್ರೀತಿ ಇದ್ದವರಿಗೆ ಊಟ ಯಾಕೆ, ನಿದ್ದೆ ಯಾಕೆ?"

ಪುಟ್ಟೀರಿಗೆ ಮಾತು ನಾಟಿತು.

"ನೆರಳಲ್ಲಿ ಹಂಚೋಕೆ ಕೂಡಿಟ್ಟ ಹಣ್ಣಿನ ರಾಶಿ ನನಗೆ ಕೊಡಿ, ಜೋಪಾನ ಮಾಡ್ತೀನಿ" ಅಂದ ನರಿ. "ಇನ್ನು, ಆ ಗುಡ್ಡ. ನಿಮ್ಮ ಮಕ್ಕಳು ಹೋದ ಜಾಗ. ಅದು ಮತ್ತೆ ಉರಿಯೋದು ನಿಮಗೆ ಒಪ್ಪಿಗೆನಾ?"

ಪುಟ್ಟೀರಿಯ ಕಣ್ಣು ತುಂಬಿತು. "ಇಲ್ಲ! ಗುಡ್ಡದ ಸುತ್ತ ಇನ್ನೊಂದು ರೇಖೆ ಮಾಡೋಣ."

"ಹಾಗನ್ನಿ! ಹಳೇ ರೇಖೆಯಲ್ಲಿ ಬಂಡೆ ಪಕ್ಕದ ತುಂಡು ತಾನೇ ಬಾಕಿ? ಅಲ್ಲೇ ನನ್ನ ಬಿಲ. ಅದನ್ನ ನನಗೆ ಬಿಡಿ, ನೀವು ಗುಡ್ಡಕ್ಕೆ ಹೊರಡಿ."

ಅಂದಿನಿಂದ ಪಾಳಿ ನಿಂತಿತು, ಹಾಡೂ ನಿಂತಿತು. "ಏಳಿ, ಏಳಿ! ಎಲ್ಲರೂ ಎಲ್ಲ ಕೆಲಸ ಮಾಡಿ!" ಅಂತ ಪುಟ್ಟೀರಿ ಕೂಗುತ್ತಿದ್ದಳು. ಮುಸುವನನ್ನು ಮರದಿಂದ ಇಳಿಸಿ ಮಣ್ಣು ಹೊರಿಸಿದಳು. ಕೋಳಿಗಳಿಗೆ ಬೇರು ಕೀಳಲು ಹೇಳಿದಳು. ಕೋಳಿ ಬೇರು ಕಿತ್ತರೆ ಏನಾಗುತ್ತದೆ? ಕೊಕ್ಕು ನೋಯುತ್ತದೆ, ಬೇರು ನಗುತ್ತದೆ, ಅಷ್ಟೇ.

"ಅಕ್ಕಾ, ಸ್ವಲ್ಪ ಕೂರ್ತೀವಿ" ಅಂದಳು ಕೋಳಿಯಮ್ಮ.

"ಕೂರೋದಾ? ನಿಮಗೆ ಕಾಡು ಬೇಡವಾ?" ಅಂದಳು ಪುಟ್ಟೀರಿ.

ಕೋಳಿಯಮ್ಮನಿಗೆ ಅಳು ಬಂತು. ಮಾರನೇ ದಿನ ಅವಳು ಬರಲಿಲ್ಲ. ಆಮೇಲೆ ಮುಸುವ ಬರಲಿಲ್ಲ. ಕಡವೆಗಳೂ ಒಂದೊಂದಾಗಿ ಜಾರಿಕೊಂಡವು. ಎಲ್ಲರೂ ತಾರೆ ಮರದ ಕಡೆ ನೋಡಿ, "ಹೋದ ವರ್ಷ ಎಷ್ಟು ಚೆನ್ನಾಗಿತ್ತು" ಅಂತ ನಿಟ್ಟುಸಿರು ಬಿಟ್ಟರು. ನೆನೆದು ನೆನೆದು ಮನಸ್ಸು ಭಾರ ಮಾಡಿಕೊಂಡರು. ಬೇರೆ ಹಂದಿಗಳೂ ಕೊನೆಗೆ ಮನೆ ಸೇರಿದವು. ಗುಡ್ಡದಲ್ಲಿ ಪುಟ್ಟೀರಿ ಒಬ್ಬಳೇ ಉಳಿದಳು. ಮೂತಿ ಸುಲಿದುಹೋಗಿತ್ತು, ಮರಿಗಳಿಗೆ ಕೊಡುವ ಹಾಲೂ ಬತ್ತುತ್ತಿತ್ತು. ಆದರೂ ಕೂರಲಿಲ್ಲ.

ಒಂದು ಮಧ್ಯಾಹ್ನ ಅವಳ ಕಾಲು ಕುಸಿಯಿತು. ಬಿದ್ದಲ್ಲೇ ನಿದ್ದೆ ಹತ್ತಿತು. ಎಚ್ಚರವಾದಾಗ ಮೂಗಿಗೆ ಹೊಗೆ! ಮರದ ಮೇಲೆ ಮುಸುವ ಇದ್ದಿದ್ದರೆ ಎಂದೋ ಕೂಗುತ್ತಿದ್ದ. ಬೆಂಕಿ ಆಗಲೇ ಅರ್ಧಂಬರ್ಧ ಬಳಿದ ಹೊಸ ರೇಖೆ ದಾಟಿ ಗುಡ್ಡ ಹತ್ತುತ್ತಿತ್ತು.

ಪುಟ್ಟೀರಿ ಏಳುತ್ತಾ ಬೀಳುತ್ತಾ ಕಡವೆಯಜ್ಜಿಯ ಹತ್ತಿರ ಓಡಿದಳು. "ಅಜ್ಜೀ, ನನ್ನೊಬ್ಬಳ ಕೈಲಾಗಲ್ಲ! ಎಲ್ಲರನ್ನೂ ಕರಿ!"

ಅಜ್ಜಿ ಕತ್ತೆತ್ತಿ ಢಾಂಕ್ ಎಂದು ಕೂಗಿದಳು. ಆ ಕೂಗು ಕೇಳಿದರೆ ಮುನಿಸು ನಿಲ್ಲುತ್ತದೆಯೇ? ಕೋಳಿಗಳು, ಹಂದಿಗಳು, ಕಡವೆಗಳು, ಎಲ್ಲರೂ ಓಡಿ ಬಂದರು.

"ಗುಡ್ಡಕ್ಕೆ ನಡೀರಿ, ಗುಡ್ಡ ಉಳಿಸೋಣ" ಅಂದಳು ಪುಟ್ಟೀರಿ.

"ತಡಿ" ಅಂದಳು ಅಜ್ಜಿ. "ಹಳೇ ರೇಖೆ ಮುಗಿದಿದೆಯಾ?"

"ಮುಗಿಸಿದೀನಿ ಅಂತ ನರಿ ಅಂದ."

"ನೀನು ನೋಡಿದೆಯಾ?"

ಪುಟ್ಟೀರಿ ನೋಡಿರಲಿಲ್ಲ. ಮುಸುವ ಸರಸರ ಮರ ಹತ್ತಿದ. "ಅಯ್ಯೋ ಅಜ್ಜಿ, ಬಂಡೆ ಪಕ್ಕ ಮೊಣಕಾಲುದ್ದ ಎಲೆ ಹಾಗೇ ಬಿದ್ದಿದೆ!"

"ಹಾಗಾದ್ರೆ ಎಲ್ಲರೂ ಬಂಡೆ ಕಡೆ. ಗುಡ್ಡ ಬಿಟ್ಟುಬಿಡಿ."

"ಬಿಡೋದಾ? ಅಜ್ಜೀ, ಅಲ್ಲಿ ನನ್ನ ಮಕ್ಕಳು..."

"ಅಲ್ಲಿರೋದು ಬೂದಿ, ನನ್ನವ್ವ" ಅಂದಳು ಅಜ್ಜಿ ಮೆಲ್ಲಗೆ. "ಮಕ್ಕಳು ಇಲ್ಲಿದಾರೆ."

ಪುಟ್ಟೀರಿ ಒಂದು ಸಲ ಗುಡ್ಡ ನೋಡಿದಳು. ಒಂದು ಸಲ ತನ್ನ ಗೂಡಿನ ಕಡೆ ನೋಡಿದಳು. ಆಮೇಲೆ ತಿರುಗಿ ಬಂಡೆಯ ಕಡೆ ಓಡಿದಳು.

ಅಜ್ಜಿ ನಿಂತಲ್ಲಿಂದಲೇ ಹಂಚಿದಳು. ಕೋಳಿಗಳು ಎಲೆಗೆ, ಕಡವೆಗಳು ಹುಲ್ಲಿಗೆ, ಹಂದಿಗಳು ಬೇರಿಗೆ, ಮುಸುವ ಮರಕ್ಕೆ. ಕೆಲಸ ಚಕಚಕ ಸಾಗಿತು. ಪುಟ್ಟೀರಿ ಮಾತ್ರ ದಣಿದುಹೋಗಿದ್ದಳು. ಕಿತ್ತ ಮಣ್ಣನ್ನೆಲ್ಲ ಕೋಳಿಗಳ ಮೇಲೆ ಎರಚುತ್ತಿದ್ದಳು.

"ಪುಟ್ಟೀರಿ, ಕೂತ್ಕೋ" ಅಂದಳು ಅಜ್ಜಿ.

"ಬೆಂಕಿ ಬರ್ತಿದೆ ಅಜ್ಜಿ!"

"ಬರಲಿ. ನಿನ್ನ ಜಾಗಕ್ಕೆ ಇನ್ನೊಂದು ಹಂದಿ ಬಂದಿದೆ. ಅದು ಸುಸ್ತಾದಾಗ ನೀನು ಬೇಕು. ಈಗ ಕೂತ್ಕೋ."

ಪುಟ್ಟೀರಿ ಕೂತಳು. ಅಷ್ಟು ದಿನ ಬೇರು ಕಿತ್ತದ್ದೂ ಅವಳಿಗೆ ಇಷ್ಟು ಕಷ್ಟ ಅನ್ನಿಸಿರಲಿಲ್ಲ. ಕೋಳಿಯಮ್ಮ ಒಂದು ಗೆಡ್ಡೆ ತಂದು ಮುಂದಿಟ್ಟು, ಮತ್ತೆ ಕೆಲಸಕ್ಕೆ ಹೋದಳು. ಪುಟ್ಟೀರಿ ಅಳುತ್ತಲೇ ತಿಂದಳು.

ಇನ್ನೇನು ಮುಗಿಯಿತು ಅನ್ನುವಾಗ ಒಂದು ಒಣಗಿದ ದಿಮ್ಮಿ ರೇಖೆಗೆ ಅಡ್ಡ ಸಿಕ್ಕಿತು. ಹಂದಿಗಳೆಲ್ಲ ಸೋತುಹೋದವು. ಆಗ ಪುಟ್ಟೀರಿ ಎದ್ದಳು. ದಿಮ್ಮಿಯ ಕೆಳಗೆ ಮೂತಿ ಕೊಟ್ಟು, ಉಸಿರು ಹಿಡಿದು ತಳ್ಳಿದಳು. ದಿಮ್ಮಿ ಉರುಳಿ ಬೆಂಕಿ ತಾಕದಷ್ಟು ದೂರ ಬಿತ್ತು. ಬೆಂಕಿ ಬರಿ ಮಣ್ಣಿನವರೆಗೆ ಬಂತು, ಅತ್ತಿತ್ತ ನಾಲಿಗೆ ಚಾಚಿತು, ಆರಿತು.

ಅಷ್ಟರಲ್ಲಿ ಬಂಡೆಯಾಚೆಯಿಂದ "ಸತ್ತೆನಪ್ಪೋ!" ಅಂತ ಕೂಗು. ನರಿರಾಯರು! ಹೊಟ್ಟೆ ಬಿರಿಯುವಷ್ಟು ಹಣ್ಣು ತಿಂದು ಬಿಲದಲ್ಲಿ ಗೊರಕೆ ಹೊಡೆಯುತ್ತಿದ್ದರಂತೆ. ತಾವು ಬಳಿಯದೆ ಬಿಟ್ಟು ಬೆಂಕಿಯ ಕಡೆ ಉಳಿದಿದ್ದ ಎಲೆಯೇ ಬಿಲದ ಬಾಯಲ್ಲಿ ಹತ್ತಿಕೊಂಡಿತ್ತು. ಕೂಡಿಟ್ಟ ಹಣ್ಣೆಲ್ಲ ಇದ್ದಿಲು, ಬಾಲ ಬೋಳು. ಮುಸುವ ಮರದ ಮೇಲಿಂದಲೇ "ಮಾಡಿದ್ದುಣ್ಣೋ ಮಹರಾಯ!" ಅಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಷ್ಟೋ ದಿನದ ಮೇಲೆ ಆ ಕಾಡು ನಕ್ಕಿತ್ತು.

"ತಿನ್ನೋಕೆ ಏನಾದ್ರೂ ಕೊಡಿ" ಅಂತ ಗೋಗರೆದ ನರಿ.

"ನಾಳೆ ಬೆಳಗಿನ ಪಾಳಿ ನಿಂದು" ಅಂದಳು ಅಜ್ಜಿ. "ಕೆಲಸ ಮಾಡು, ಆಮೇಲೆ ಎಲ್ಲರ ಜೊತೆ ಕೂತು ತಿನ್ನು."

ಗುಡ್ಡ ಪೂರ್ತಿ ಕಪ್ಪಾಗಿತ್ತು. ಪುಟ್ಟೀರಿ ಅದನ್ನೇ ನೋಡುತ್ತಾ ಬಹಳ ಹೊತ್ತು ಅತ್ತಳು. ಎಲ್ಲರೂ ಬಂದು ಪಕ್ಕದಲ್ಲಿ ನಿಂತರು. ಆಮೇಲೆ ಅವಳು ತನ್ನ ಗೂಡಿಗೆ ಹೋದಳು. ಹಸಿದ ಮರಿಗಳು ಕುಂಯ್‌ಗುಡುತ್ತಾ ಮೇಲೆ ಬಿದ್ದವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಪುಟ್ಟೀರಿ ಮಗ್ಗುಲಾಗಿ ಮಲಗಿ, ಮರಿಗಳಿಗೆ ಹಾಲು ಕೊಡುತ್ತಾ ಹಾಗೇ ನಿದ್ದೆಹೋದಳು.

ನೀತಿ: ಒಳ್ಳೆಯ ಕೆಲಸಕ್ಕೆ ಪ್ರೀತಿಯೊಂದೇ ಸಾಲದು, ಆಗುವಷ್ಟನ್ನೇ ಹಿಡಿದು, ಹಂಚಿಕೊಂಡು, ದಣಿವಾರಿಸಿಕೊಂಡು ಮಾಡಿದರೆ ಮಾತ್ರ ಅದು ಕೊನೆ ಮುಟ್ಟುತ್ತದೆ. ನಮ್ಮ ಪ್ರೀತಿಯನ್ನು ಹೊಗಳಿ ತಾನು ಕೂತು ಉಣ್ಣುವವನ ಮಾತು ಕೇಳಬಾರದು.