ಮೂರು ಮೀಟರು ಬದಲಿಸಿದ ವ್ಯಾಪಾರಿ

"ಬುದ್ಧಿ, ಜಪಕ್ಕೆ ಕೂತರೆ ಎದೆ ನಡುಗುತ್ತದೆ. ಕೂರುವ ಜಾಗ ಬದಲಿಸಿದೆ, ಹೊತ್ತು ಬದಲಿಸಿದೆ, ಜಪಮಾಲೆಯನ್ನೂ ಬದಲಿಸಿದೆ. ಇನ್ನೇನು ಬದಲಿಸಲಿ?" ಎಂದು ಹಾಲಪ್ಪ ಗುರುಗಳನ್ನು ಕೇಳಿದ.

ಅವನ ದೀಕ್ಷೆಗೆ ಎರಡೇ ದಿನ ಉಳಿದಿತ್ತು. ಎಲ್ಲವನ್ನೂ ಬಿಟ್ಟು ಬಂದವರಿಗೆ ಮಾತ್ರ ಗುರುಗಳ ಮಠದಲ್ಲಿ ದೀಕ್ಷೆ. ಹಾಲಪ್ಪ ಮನೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಂದಿದ್ದ. ಆ ಮನೆಯಲ್ಲಿನ ತನ್ನ ಕೋಣೆಗೆ ಮಾತ್ರ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಇಷ್ಟು ಸಣ್ಣ ವಿಷಯವನ್ನು ಹೇಳುವುದೇನು ಎಂದು ಯಾರಿಗೂ ಹೇಳಿರಲಿಲ್ಲ. ದಿನ ಹತ್ತಿರವಾದಂತೆ ಅವನಿಗೆ ಹೆದರಿಕೆ ಹೆಚ್ಚಿ ಊಟವೂ ಸೇರುತ್ತಿರಲಿಲ್ಲ.

ಗುರುಗಳು ಅವನನ್ನು ಒಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅವನ ಬಳಿ ತಂದೆಯ ಕಾಲದ ಒಂದು ಕಾರಿತ್ತು. ಎಂಜಿನ್ನು ಎಷ್ಟು ಜೋರಾಗಿ ಸುತ್ತುತ್ತಿದೆ ಎಂದು ತೋರಿಸಲು ಅದರಲ್ಲೊಂದು ಮೀಟರಿತ್ತು. ಆ ಮೀಟರಿನ ಮುಳ್ಳಿಗೆ ಇದ್ದಕ್ಕಿದ್ದಂತೆ ಹುಚ್ಚು ಹಿಡಿಯಿತು. ಮೂರು ಸಾವಿರದಲ್ಲಿ ನಿಂತದ್ದು ಸೊನ್ನೆಗೆ ಬೀಳುವುದು, ಮತ್ತೆ ನೆಗೆಯುವುದು. ವ್ಯಾಪಾರಿ ಮೀಟರು ಬದಲಿಸಿದ. ಹೊಸದೂ ಕುಣಿಯಿತು. ಇನ್ನೊಂದು ಹಾಕಿಸಿದ. ಅದೂ ಅಷ್ಟೆ. ಮೂರನೆಯದು ಊರೊಳಗೆ ನೆಟ್ಟಗೆ ನಿಂತಿತು. ಅದನ್ನು ನಂಬಿ, ಘಾಟಿಯ ಕೆಳಗಿನ ಊರಿನಿಂದ ತುಂಬು ಬಸುರಿ ಮಗಳನ್ನು ಬಾಣಂತನಕ್ಕೆ ಕರೆತರಲು ಹೋದ. ಬಾಡಿಗೆ ಕಾರು ಸಿಗುತ್ತಿರಲಿಲ್ಲವೇ ಎನ್ನಬೇಡ. ಇನ್ನೊಬ್ಬರ ಕೈಗೆ ಸ್ಟಿಯರಿಂಗು ಕೊಡುವ ಜಾಯಮಾನ ಅವನದಲ್ಲ.

ಮಗಳನ್ನು ಕೂರಿಸಿಕೊಂಡು ಮರಳಿ ಘಾಟಿ ಹತ್ತುವಾಗ ಮೂರನೆಯ ತಿರುವಿನಲ್ಲಿ ಮುಳ್ಳು ಸೊನ್ನೆಗೆ ಬಿತ್ತು. ಎಂಜಿನ್ನು ಮುಗ್ಗರಿಸಿ ನಿಂತೇಹೋಯಿತು. ಕಾರು ಹಿಂದಕ್ಕೆ ಜಾರಿತು. ಅಲ್ಲಿ ತಡೆಗೋಡೆ ಇರಲಿಲ್ಲ. ವ್ಯಾಪಾರಿ ಜೀವ ಕೈಯಲ್ಲಿ ಹಿಡಿದು ಬ್ರೇಕು ಒತ್ತಿದ. ಕಾರು ನಿಂತಾಗ ಹಿಂದಿನ ಚಕ್ರಕ್ಕೂ ಕಣಿವೆಗೂ ನಡುವೆ ಒಂದು ಮೊಳ ನೆಲ ಉಳಿದಿತ್ತು.

"ಅಪ್ಪಾ, ನಾನು ಇಳೀಲಾ?" ಎಂದಳು ಮಗಳು.

ವ್ಯಾಪಾರಿ ಅವಳನ್ನು ಇಳಿಸಿ, ಕಾರನ್ನು ಹೇಗೋ ತಿರುಗಿಸಿ, ಮತ್ತೆ ಹತ್ತಿಸಿಕೊಂಡು, ಘಾಟಿಯ ಬುಡಕ್ಕೆ ವಾಪಸು ಬಂದ. ಅಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಒಬ್ಬ ಮುದುಕನಿದ್ದ. ಮಗಳನ್ನು ಅವನ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ನಾಲ್ಕನೆಯ ಮೀಟರು ಹಾಕು ಎಂದ ವ್ಯಾಪಾರಿ.

"ಮೀಟರ್ ಕೆಟ್ಟಿದ್ರೆ ಮುಳ್ಳೊಂದೇ ಬೀಳ್ತಿತ್ತು, ಸಾವ್ಕಾರ್ರೇ. ಎಂಜಿನ್ನೂ ನಿಂತಿದೆ ಅಂದ್ರೆ ಮೀಟರ್ ನಿಜಾನೇ ಹೇಳ್ತಿದೆ. ಕರೆಂಟು ಎಲ್ಲೋ ದಾರೀಲಿ ಕಡಿದುಹೋಗ್ತಿದೆ," ಎಂದ ಮುದುಕ.

ಅವನೇ ಓಡಿಸಿ ನೋಡಿದ. ಮುಳ್ಳು ಬೀಳಲಿಲ್ಲ. ಆಮೇಲೆ ವ್ಯಾಪಾರಿಯನ್ನು ಓಡಿಸಲು ಹೇಳಿ ಪಕ್ಕದಲ್ಲಿ ಕೂತ. ಮೊದಲ ತಿರುವಿನಲ್ಲೇ ಮುಳ್ಳು ಬಿತ್ತು. ಆಗ ಮುದುಕ ನೋಡುತ್ತಿದ್ದದ್ದು ವ್ಯಾಪಾರಿಯನ್ನು.

"ನಿಮ್ ಕೈ ಯಾಕೆ ಸೀಟಿನ ಕೆಳಗೆ ಹೋಯ್ತು?" ಎಂದು ಕೇಳಿದ.

ವ್ಯಾಪಾರಿ ಗುಟ್ಟು ಬಿಟ್ಟುಕೊಟ್ಟ. ಕಾರನ್ನು ಕಳ್ಳರು ಒಯ್ದಾರೆಂಬ ಭಯಕ್ಕೆ ಹಿಂದೆ ಅವನೇ ಸೀಟಿನಡಿ ಒಂದು ಗುಪ್ತ ಸ್ವಿಚ್ಚು ಹಾಕಿಕೊಂಡಿದ್ದ. ಎಂಜಿನ್ನಿಗೆ ಕಿಡಿ ಕೊಡುವ, ಮೀಟರಿನ ಮುಳ್ಳನ್ನೂ ಆಡಿಸುವ ಕರೆಂಟು ಅದರ ಮೂಲಕವೇ ಹಾಯಬೇಕು. ಅದನ್ನು ಆರಿಸಿಟ್ಟರೆ ಯಾರಿಂದಲೂ ಕಾರು ಹೊರಡದು. ಹೆಂಡತಿಗೂ ಹೇಳಿರಲಿಲ್ಲ, ಮೀಟರು ಹಾಕಿದ ಮೂವರಿಗೂ ಹೇಳಿರಲಿಲ್ಲ. ಹೆದರಿಕೆಯಾದಾಗಲೆಲ್ಲ ಅದನ್ನೊಮ್ಮೆ ಮುಟ್ಟಿ ನೋಡುವುದು ರೂಢಿಯಾಗಿಬಿಟ್ಟಿತ್ತು. ಮುಟ್ಟಿ ಮುಟ್ಟಿ ವೈರು ಸಡಿಲವಾಗಿತ್ತು. ಮುಳ್ಳು ಬಿದ್ದರೆ ಭಯ, ಭಯವಾದರೆ ಕೈ ಅಲ್ಲಿಗೆ, ಕೈ ತಗಲಿದರೆ ಮತ್ತೆ ಮುಳ್ಳು.

ಮುದುಕ ಸ್ವಿಚ್ಚು ಕಿತ್ತು, ವೈರನ್ನು ನೇರವಾಗಿ ಸೇರಿಸಿ, ಸ್ವಿಚ್ಚನ್ನು ವ್ಯಾಪಾರಿಯ ಅಂಗೈಗೆ ಕೊಟ್ಟ. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹತ್ತಿ ಕೂತಳು. ಕಾರು ಘಾಟಿ ಏರಿತು, ಮುಳ್ಳು ಬೀಳಲಿಲ್ಲ. ಆದರೂ ಪ್ರತಿ ತಿರುವಿನಲ್ಲೂ ವ್ಯಾಪಾರಿಯ ಕೈ ಸೀಟಿನಡಿಗೆ ಹೋಗಿ ಖಾಲಿ ಜಾಗವನ್ನು ತಡಕಿ ಬರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ನಾನು ಅಂಥದ್ದೇನೂ ಬಚ್ಚಿಟ್ಟಿಲ್ಲ, ಬುದ್ಧಿ," ಎಂದ ಹಾಲಪ್ಪ.

"ಹಾಗಾದರೆ ನಿನ್ನ ಕೈ ಈಗ ಎಲ್ಲಿದೆ, ನೋಡಿಕೋ," ಎಂದರು ಗುರುಗಳು.

ಹಾಲಪ್ಪ ಕಣ್ಣು ಕೆಳಗಿಳಿಸಿ ನೋಡಿದ. ಉಡಿದಾರದ ಬೀಗದ ಕೈಯ ಮೇಲಿದ್ದ ಬೆರಳುಗಳನ್ನು ಮಾತ್ರ ಎತ್ತಲಿಲ್ಲ.